ಕಂಪ್ಯೂಟರ್ ಜಾಸ್ತಿ ಬಿಸಿಯಾಗುತ್ತಿದೆಯಾ? ಅಳೆಯುವುದು ಹೇಗೆ, ತಣ್ಣಗೆ ಇಡುವುದು ಹೇಗೆ

ಅರ್ಧ ಗಂಟೆ ಚೆನ್ನಾಗಿ ಓಡಿದ ಗೇಮ್ ಇದ್ದಕ್ಕಿದ್ದಂತೆ ತಡವರಿಸುತ್ತದೆ. ವಿಡಿಯೊ ಎಡಿಟ್ ಮಾಡಿ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಫ್ಯಾನು ಜೋರಾಗಿ ಕೂಗುತ್ತದೆ, ಕೆಲವೊಮ್ಮೆ ಸಿಸ್ಟಮ್ಮೇ ಆಫ್ ಆಗಿಬಿಡುತ್ತದೆ. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಹೊಸ ಕೂಲರ್ ಹುಡುಕುವುದು. ಸ್ವಲ್ಪ ತಡೆಯಿರಿ, ಮೊದಲು ಅಳೆಯಿರಿ. ಎಷ್ಟು ಬಿಸಿ ಅನ್ನುವುದರ ಜೊತೆಗೆ ಆ ಬಿಸಿ ಹೇಗೆ ಏರುತ್ತದೆ ಅಂತಲೂ ನೋಡಬೇಕು, ಯಾಕೆಂದರೆ ತೊಂದರೆ ಎಲ್ಲಿದೆ ಎಂದು ತೋರಿಸುವುದು ಆ ಏರುವ ರೀತಿಯೇ.

ನಾನು ಇದನ್ನು ಕಲಿತದ್ದು ನನ್ನದೇ ಕಂಪ್ಯೂಟರ್‌ನಿಂದ. ಬೇರೆಯವರು ಜೋಡಿಸಿ ಕೊಟ್ಟಿದ್ದ ಸಿಸ್ಟಮ್ ಅದು. ಮೊದಲ ದಿನದಿಂದಲೇ ಸದ್ದು, ಮೊದಲ ದಿನದಿಂದಲೇ ನಿಧಾನ. ವಿಂಡೋಸ್ ಮತ್ತೆ ಹಾಕಿದೆ, ಎರಡು ಫ್ಯಾನ್ ಸೇರಿಸಿದೆ, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದಿಟ್ಟೆ, ಏನೂ ಬದಲಾಗಲಿಲ್ಲ. ಕೊನೆಗೊಂದು ದಿನ ಗ್ರಾಫ್ ಹಾಕಿ ನೋಡಿದೆ. ಲೋಡ್ (ಭಾರಿ ಕೆಲಸ) ಕೊಟ್ಟ ಮೂರೇ ಸೆಕೆಂಡಿನಲ್ಲಿ ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತಿತ್ತು, ಆದರೆ ಅದರ ಮೇಲಿನ ಹೀಟ್‌ಸಿಂಕ್, ಅಂದರೆ ಬಿಸಿ ಹೀರಿಕೊಳ್ಳುವ ಕೂಲರಿನ ಲೋಹದ ಭಾಗ, ಮುಟ್ಟಿದರೆ ತಣ್ಣಗಿತ್ತು. ಅಂದರೆ ಬಿಸಿ ಹೀಟ್‌ಸಿಂಕ್‌ವರೆಗೆ ಬರುತ್ತಲೇ ಇಲ್ಲ ಅಂತ ಆಯಿತಲ್ವಾ? ಕೂಲರ್ ಬಿಚ್ಚಿದರೆ ಅದರ ತಳಕ್ಕೆ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಅದನ್ನು ಕಿತ್ತು ಹೊಸ ಪೇಸ್ಟ್ (ಚಿಪ್‌ನಿಂದ ಕೂಲರ್‌ಗೆ ಬಿಸಿ ದಾಟಿಸಲು ನಡುವೆ ಹಚ್ಚುವ ಲೇಪ) ಹಚ್ಚಿದ ಮೇಲೆ ಅದೇ ಲೋಡಿಗೆ 72 ಡಿಗ್ರಿ ದಾಟಲಿಲ್ಲ.

ಎಷ್ಟು ಬಿಸಿಯಾದರೆ ಜಾಸ್ತಿ?

ಪ್ರತಿ ಪ್ರೊಸೆಸರ್‌ಗೂ ತಯಾರಕರೇ ಇಟ್ಟ ಒಂದು ಮೇಲಿನ ಮಿತಿ ಇರುತ್ತದೆ. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಅದು 100 ಡಿಗ್ರಿ ಸೆಲ್ಸಿಯಸ್. ಎಎಂಡಿಯ ರೈಜನ್ 7000 ಸರಣಿಯಲ್ಲಿ ಹೆಚ್ಚಿನವಕ್ಕೆ 95, ಆದರೆ ಅದೇ ಸರಣಿಯ 7800ಎಕ್ಸ್3ಡಿಗೆ 89. ಹೀಗೆ ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ನಿಮ್ಮ ಪ್ರೊಸೆಸರ್ ಹೆಸರು ಹಾಕಿ ತಯಾರಕರ ಪುಟದಲ್ಲೇ ನೋಡಿಕೊಳ್ಳಿ. ಮಿತಿ ಹತ್ತಿರ ಬಂದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಅನ್ನುತ್ತಾರೆ. ಅದಕ್ಕೂ ಬಗ್ಗದೆ ಬಿಸಿ ಏರಿದರೆ ಸಿಸ್ಟಮ್ ಆಫ್ ಆಗುತ್ತದೆ. ಹಾಗಾಗಿ ಚಿಪ್ ತಕ್ಷಣ ಸುಟ್ಟುಹೋಗುತ್ತದೆ ಅಂತ ಹೆದರಬೇಕಿಲ್ಲ. ನೀವು ಕೊಂಡ ವೇಗ ನಿಮಗೆ ಸಿಗುತ್ತಿಲ್ಲ ಅನ್ನುವುದೇ ದಿನನಿತ್ಯದ ನಷ್ಟ.

ನಾನು ಇಟ್ಟುಕೊಂಡಿರುವ ಅಂದಾಜು ಹೀಗಿದೆ. ಸುಮ್ನೆ ಕೂತಾಗ 30ರಿಂದ 50 ಡಿಗ್ರಿ ಇದ್ದರೆ ಸರಿ. ಗೇಮ್ ಆಡುವಾಗ 60ರಿಂದ 80 ಸಹಜ. ಪೂರ್ತಿ ಲೋಡಿನಲ್ಲಿ 85-90ರವರೆಗೂ ಹೋಗಬಹುದು. ಲ್ಯಾಪ್‌ಟಾಪ್‌ಗಳು ಇದಕ್ಕಿಂತ ಮೇಲೆ ಓಡಾಡುತ್ತವೆ, 90 ಕಂಡರೂ ಗಾಬರಿ ಬೇಡ. ರೈಜನ್ 9 7950ಎಕ್ಸ್‌ನಂಥ ಚಿಪ್‌ಗಳಂತೂ ಪೂರ್ತಿ ಲೋಡಿನಲ್ಲಿ 95ಕ್ಕೆ ಹೋಗಿ ಅಲ್ಲೇ ನಿಲ್ಲುವಂತೆ ತಯಾರಾಗಿವೆ. ಅಲ್ಲಿ ಆ ಅಂಕಿ ನೋಡಿದರೆ ಏನೂ ತಿಳಿಯುವುದಿಲ್ಲ, ವೇಗ ಎಷ್ಟಿದೆ ಅಂತ ನೋಡಬೇಕು.

ಇನ್ನೊಂದು ಮಾತು. ಕೋಣೆ 10 ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ 10 ಡಿಗ್ರಿ ಮೇಲೇರುತ್ತದೆ. ಯಾವ ಗಾಳಿ ಕೂಲರ್ರೂ ಕೋಣೆಗಿಂತ ತಣ್ಣಗೆ ಮಾಡಲಾರದು. ಆದ್ದರಿಂದ ಬೇಸಿಗೆಯ ಅಂಕಿಯನ್ನು ಚಳಿಗಾಲದ ಅಂಕಿಯ ಜೊತೆ ನೇರವಾಗಿ ಹೋಲಿಸಬೇಡಿ. ಪ್ರೊಸೆಸರ್ ಬಿಸಿಯಿಂದ ಕೋಣೆಯ ಬಿಸಿ ಕಳೆದು ಉಳಿದದ್ದನ್ನು ಬರೆದಿಟ್ಟುಕೊಳ್ಳಿ.

ಯಾವುದರಲ್ಲಿ ನೋಡುವುದು

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ಪ್ರೊಸೆಸರ್ ಬಿಸಿ ತೋರಿಸುವುದಿಲ್ಲ. 2020ರ ಮೇ ಅಪ್‌ಡೇಟ್ ನಂತರ ಪರ್ಫಾರ್ಮೆನ್ಸ್ ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಿಸಿ ಮಾತ್ರ ಕಾಣುತ್ತದೆ, ಅದೂ ಪ್ರೊಸೆಸರ್‌ನೊಳಗೇ ಸೇರಿರದ ಪ್ರತ್ಯೇಕ ಕಾರ್ಡ್ ಇದ್ದರೆ. ಪೂರ್ತಿ ಚಿತ್ರ ಬೇಕಾದರೆ ನನ್ನ ಆಯ್ಕೆ ಎಚ್‌ಡಬ್ಲ್ಯೂಇನ್ಫೋ (HWiNFO) ಅನ್ನುವ ಪ್ರೋಗ್ರಾಂ. ಶುರು ಮಾಡುವಾಗ ಸೆನ್ಸರ್ಸ್ ಓನ್ಲಿ ಅನ್ನುವ ಚೌಕಕ್ಕೆ ಟಿಕ್ ಹಾಕಿ. ಅಲ್ಲಿ ಈಗಿನ ಅಂಕಿ, ಕನಿಷ್ಠ, ಗರಿಷ್ಠ, ಸರಾಸರಿ ಅಂತ ನಾಲ್ಕು ಕಾಲಂ ಇರುತ್ತದೆ. ಗೇಮ್ ಮುಗಿಸಿ ಬಂದು ಗರಿಷ್ಠ ಕಾಲಂ ನೋಡಿದರೂ ಸಾಕು. ಸಾಲುಗಳು ನೂರಾರು ಇರುತ್ತವೆ, ಮೊದಲ ಸಲ ನೋಡಿದವರಿಗೆ ತಲೆ ತಿರುಗುತ್ತದೆ, ಆದರೆ ನಮಗೆ ಬೇಕಾದ್ದು ಐದಾರೇ: ಪ್ರೊಸೆಸರ್ ಪ್ಯಾಕೇಜ್ ಬಿಸಿ (ರೈಜನ್‌ನಲ್ಲಿ ಟಿಸಿಟಿಎಲ್ ಅಥವಾ ಟಿಡೈ, Tctl/Tdie ಅಂತ ಕಾಣುತ್ತದೆ), ಪ್ಯಾಕೇಜ್ ಪವರ್ ಎಷ್ಟು ವ್ಯಾಟ್, ಕೋರ್‌ಗಳ ವೇಗ, ಫ್ಯಾನಿನ ಸುತ್ತು, ಜಿಪಿಯು (ಗ್ರಾಫಿಕ್ಸ್ ಚಿಪ್) ಬಿಸಿ, ಎಸ್‌ಎಸ್‌ಡಿ ಬಿಸಿ. ಇಂಟೆಲ್‌ನಲ್ಲಿ ಥರ್ಮಲ್ ಥ್ರಾಟ್ಲಿಂಗ್ ಅನ್ನುವ ಸಾಲೂ ಇರುತ್ತದೆ. ಅಲ್ಲಿ ಯೆಸ್ ಅಂತ ಬಂದಿದ್ದರೆ ಮಿತಿ ಮುಟ್ಟಿದೆ ಅಂತಲೇ ಅರ್ಥ.

ಇಷ್ಟು ವಿವರ ಬೇಡ ಅನ್ನುವವರಿಗೆ ಕೋರ್ ಟೆಂಪ್ ಸಾಕು, ಲಿಬ್ರೆ ಹಾರ್ಡ್‌ವೇರ್ ಮಾನಿಟರ್ ಕೂಡ ಚೆನ್ನಾಗಿದೆ. ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಪ್ಯಾಕೇಜ್ ಹಾಕಿ, ಒಂದು ಸಲ ಸೆನ್ಸರ್ಸ್-ಡಿಟೆಕ್ಟ್ ಓಡಿಸಿ, ಆಮೇಲೆ ಸೆನ್ಸರ್ಸ್ ಅಂತ ಕೊಟ್ಟರೆ ಎಲ್ಲಾ ಬರುತ್ತದೆ. ಮ್ಯಾಕ್‌ನಲ್ಲಿ ಸ್ಟ್ಯಾಟ್ಸ್ ಅನ್ನುವ ಉಚಿತ ಆಪ್ ಇದೆ.

ಮದರ್‌ಬೋರ್ಡಿನ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ 127 ಡಿಗ್ರಿ ಅಥವಾ ಮೈನಸ್ 55 ಅಂತ ಕಂಡರೆ ಅದು ಏನೂ ಜೋಡಿಸದ ಸೆನ್ಸರ್ ಕೊಡುವ ಸುಳ್ಳು ಅಂಕಿ. ಬಿಟ್ಟುಬಿಡಿ.

ಒಂದು ಪರೀಕ್ಷೆ, ಒಂದು ಗ್ರಾಫ್

ಈಗ ಕೆಲಸ ಶುರು. ಕಂಪ್ಯೂಟರ್ ಆನ್ ಮಾಡಿ ಹತ್ತು ನಿಮಿಷ ಸುಮ್ನೆ ಬಿಡಿ. ಕೋಣೆಯ ಬಿಸಿ ಎಷ್ಟು, ಪ್ರೊಸೆಸರ್ ಎಷ್ಟು ಅಂತ ಬರೆದುಕೊಳ್ಳಿ. ಎಚ್‌ಡಬ್ಲ್ಯೂಇನ್ಫೋದಲ್ಲಿ ಪ್ರೊಸೆಸರ್ ಬಿಸಿಯ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಗ್ರಾಫ್ ತೆರೆದುಕೊಳ್ಳುತ್ತದೆ. ನಂತರ ಪ್ರೊಸೆಸರ್‌ಗೆ ಪೂರ್ತಿ ಲೋಡ್ ಕೊಡುವ ಸಿನೆಬೆಂಚ್ ಅನ್ನುವ ಪ್ರೋಗ್ರಾಂನ ಮಲ್ಟಿ ಕೋರ್ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ. ಪ್ರೈಮ್95 ಕೂಡ ಬಳಸಬಹುದು, ಆದರೆ ಅದರ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಕೊಡುವಷ್ಟು ಬಿಸಿ ನಿಮ್ಮ ನಿಜವಾದ ಕೆಲಸದಲ್ಲಿ ಯಾವತ್ತೂ ಬರಲಿಕ್ಕಿಲ್ಲ, ಹಾಗಾಗಿ ನಾನು ಅದನ್ನು ಮೊದಲಿಗೆ ಹೇಳುವುದಿಲ್ಲ. ಪರೀಕ್ಷೆ ಮುಗಿದ ಮೇಲೂ ಗ್ರಾಫ್ ಎರಡು ನಿಮಿಷ ಓಡಲಿ. ಇಳಿಯುವ ರೀತಿಯನ್ನೂ ನೋಡಬೇಕು.

ಈಗ ಗ್ರಾಫ್ ಓದೋಣ. ಲೋಡ್ ಬಿದ್ದ ತಕ್ಷಣ 20-30 ಡಿಗ್ರಿ ಜಿಗಿಯುವುದು ಈಗಿನ ಚಿಪ್‌ಗಳಲ್ಲಿ ಸಹಜ. ಯಾಕೆಂದರೆ ಅಷ್ಟೂ ಶಕ್ತಿ ಉಗುರಿನಷ್ಟು ಜಾಗದಲ್ಲಿ ಖರ್ಚಾಗುತ್ತದೆ. ಆಮೇಲೆ ಏನಾಗುತ್ತದೆ ಅನ್ನುವುದೇ ಮುಖ್ಯ.

ಎರಡು ಮೂರು ಸೆಕೆಂಡಿನಲ್ಲೇ ನೇರವಾಗಿ ಮಿತಿ ಮುಟ್ಟಿ, ಲೋಡ್ ನಿಂತ ಕೂಡಲೇ ಧಪ್ಪನೆ ಕೆಳಗಿಳಿದರೆ, ಮತ್ತು ವ್ಯಾಟ್ ಕೂಡ ಅಷ್ಟೇನೂ ಇಲ್ಲದಿದ್ದರೆ, ಚಿಪ್‌ನಿಂದ ಕೂಲರ್‌ಗೆ ಬಿಸಿ ದಾಟುತ್ತಿಲ್ಲ. ಪೇಸ್ಟ್ ಒಣಗಿದೆ, ಕೂಲರ್ ಸರಿಯಾಗಿ ಕೂತಿಲ್ಲ, ಒಂದು ಸ್ಕ್ರೂ ಸಡಿಲವಾಗಿದೆ, ಪ್ಲಾಸ್ಟಿಕ್ ಹಾಳೆ ಉಳಿದಿದೆ, ಇಂಥದ್ದೇನೋ ಒಂದು. ನೀರಿನ ಕೂಲರ್ ಆದರೆ ಪಂಪ್ ನಿಂತಿರಬಹುದು.

ಮೊದಲ ಜಿಗಿತದ ನಂತರ ನಿಧಾನವಾಗಿ, ಐದು ಹತ್ತು ನಿಮಿಷ ಏರುತ್ತಲೇ ಹೋದರೆ, ಲೋಡ್ ನಿಂತ ಮೇಲೂ ತಣ್ಣಗಾಗಲು ಹೊತ್ತು ಹಿಡಿದರೆ, ಹೀಟ್‌ಸಿಂಕ್ ತನ್ನ ಕೆಲಸ ಮಾಡುತ್ತಿದೆ, ಆದರೆ ಅದರ ಬಿಸಿಯನ್ನು ಹೊರಗೆ ಹಾಕಲು ಗಾಳಿ ಸಾಲುತ್ತಿಲ್ಲ. ಧೂಳು, ಕ್ಯಾಬಿನೆಟ್ ಗಾಳಿ, ಫ್ಯಾನ್ ವೇಗ ಇಲ್ಲಿನ ಕಾರಣಗಳು. ಖಚಿತ ಮಾಡಿಕೊಳ್ಳಲು ಪಕ್ಕದ ಮುಚ್ಚಳ ತೆಗೆದು ಪರೀಕ್ಷೆ ಮತ್ತೆ ಓಡಿಸಿ. 5-10 ಡಿಗ್ರಿ ಇಳಿದರೆ ಕ್ಯಾಬಿನೆಟ್ಟೇ ಉಸಿರಾಡುತ್ತಿಲ್ಲ. ಏನೂ ಬದಲಾಗದಿದ್ದರೆ ಕೂಲರ್ ಕಡೆ ನೋಡಿ.

ಸುಮ್ನೆ ಕೂತಾಗಲೇ 60 ದಾಟಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಹಿನ್ನೆಲೆಯಲ್ಲಿ ಯಾವ ಪ್ರೋಗ್ರಾಂ ಪ್ರೊಸೆಸರ್ ತಿನ್ನುತ್ತಿದೆ ನೋಡಿ. ಬ್ರೌಸರಿನ ಒಂದು ಟ್ಯಾಬ್ ಸಾಕು ಇದಕ್ಕೆ.

ಇಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಇದೇ ಪರೀಕ್ಷೆ ಓಡಿಸಿ. ಒಂದೇ ದಿನ ನಾಲ್ಕು ಕೆಲಸ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಕೊನೆಗೂ ಗೊತ್ತಾಗುವುದಿಲ್ಲ.

ಧೂಳು ತೆಗೆಯುವುದು

ಸಿಸ್ಟಮ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಸಾಧ್ಯವಾದರೆ ಹೊರಗೆ ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ಹಾರಿದ ಧೂಳು ಮತ್ತೆ ಒಳಗೇ ಬರುತ್ತದೆ. ಒತ್ತಡದ ಗಾಳಿಯ ಡಬ್ಬಿ ಅಥವಾ ಚಿಕ್ಕ ಬ್ಲೋವರ್ ಬಳಸಿ. ಡಬ್ಬಿಯನ್ನು ನೆಟ್ಟಗೆ ಹಿಡಿಯಿರಿ, ತಲೆಕೆಳಗು ಮಾಡಿದರೆ ಕೊರೆಯುವಷ್ಟು ತಣ್ಣನೆಯ ದ್ರವ ಹೊರಬರುತ್ತದೆ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದೇ ಊದಿ. ಬಿಟ್ಟರೆ ಅದು ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಬೋರ್ಡಿನ ಹತ್ತಿರ ತರಬೇಡಿ, ಅದರ ಕೊಳವೆಯಲ್ಲಿ ಸ್ಥಿರ ವಿದ್ಯುತ್ ಉಂಟಾಗುತ್ತದೆ. ಪವರ್ ಸಪ್ಲೈ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರುತ್ತದೆ. ಹೊರಗಿನಿಂದ ಊದಿದರೆ ಸಾಕು.

ಹೀಟ್‌ಸಿಂಕ್ ಮತ್ತು ಫ್ಯಾನ್ ಸೇರುವ ಜಾಗ ನೋಡಲು ಮರೆಯಬೇಡಿ. ಮೇಲಿಂದ ಫ್ಯಾನ್ ಶುಭ್ರವಾಗಿ ಕಂಡರೂ ಅದರ ಕೆಳಗೆ ಕಂಬಳಿಯಂತೆ ಧೂಳು ಕೂತಿರುತ್ತದೆ.

ಗಾಳಿಯ ದಾರಿ

ಗಾಳಿ ಮುಂದಿನಿಂದ ಅಥವಾ ಕೆಳಗಿನಿಂದ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ. ಫ್ಯಾನ್ ಯಾವ ಕಡೆ ಊದುತ್ತದೆ ಅಂತ ಗೊತ್ತಾಗದಿದ್ದರೆ, ಪ್ಲಾಸ್ಟಿಕ್ ಅಡ್ಡಪಟ್ಟಿಗಳು ಇರುವ ಕಡೆಯಿಂದ ಗಾಳಿ ಹೊರಬರುತ್ತದೆ ಅಂತ ನೆನಪಿಡಿ. ಒಂದು ತೆಳು ಕಾಗದ ಹಿಡಿದೂ ನೋಡಬಹುದು. ಒಳಗೆ ಎಳೆಯುವ ಗಾಳಿ ಹೊರ ಹಾಕುವುದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು, ಆಗ ಫಿಲ್ಟರ್ ಇಲ್ಲದ ಸಂದಿಗಳಿಂದ ಧೂಳು ನುಗ್ಗುವುದು ಕಡಿಮೆ. ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿದ ಕ್ಯಾಬಿನೆಟ್ ನೋಡಲು ಚೆಂದ, ಆದರೆ ಅದರ ಹಿಂದೆ ಮೂರು ಫ್ಯಾನ್ ಇದ್ದರೂ ಗಾಳಿ ಎಳೆಯಲು ಜಾಗವೇ ಇರುವುದಿಲ್ಲ. ಹೊಸದು ಕೊಳ್ಳುವುದಾದರೆ ಮುಂಭಾಗ ಜಾಲರಿ ಇರುವುದನ್ನೇ ಆರಿಸಿ. ಕ್ಯಾಬಿನೆಟ್ಟನ್ನು ಮೇಜಿನ ಮುಚ್ಚಿದ ಗೂಡಿನೊಳಗೆ ತುರುಕಬೇಡಿ, ಅದು ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಥರ್ಮಲ್ ಪೇಸ್ಟ್ ಬದಲಿಸುವುದು

ಗ್ರಾಫ್ ಹೇಳಿದರೆ ಮಾತ್ರ ಇದಕ್ಕೆ ಕೈ ಹಾಕಿ. ಪೇಸ್ಟ್ ಕೆಲವು ವರ್ಷ ಚೆನ್ನಾಗಿಯೇ ಬಾಳುತ್ತದೆ, ಆರು ತಿಂಗಳಿಗೊಮ್ಮೆ ಬದಲಿಸುವ ಅಗತ್ಯ ಇಲ್ಲ.

ಬಿಚ್ಚುವ ಮೊದಲು ಸಿಸ್ಟಮ್ ಹತ್ತು ನಿಮಿಷ ಓಡಿಸಿ, ಪೇಸ್ಟ್ ಮೆತ್ತಗಾಗುತ್ತದೆ. ಆಫ್ ಮಾಡಿ, ಪ್ಲಗ್ ಕಿತ್ತು, ಫ್ಯಾನಿನ ವೈರ್ ತೆಗೆದು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಕೂಲರನ್ನು ನೇರ ಮೇಲಕ್ಕೆ ಎಳೆಯಬೇಡಿ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವಿ ಬಿಡಿಸಿ. ಎಎಂಡಿಯ ಎಎಂ4 ಸಾಕೆಟ್‌ನಲ್ಲಿ ಇದು ತುಂಬಾ ಮುಖ್ಯ, ಯಾಕೆಂದರೆ ಅಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲೇ ಇರುತ್ತವೆ, ಜೋರಾಗಿ ಎಳೆದರೆ ಕೂಲರ್ ಜೊತೆ ಪ್ರೊಸೆಸರ್ರೂ ಕಿತ್ತು ಬಂದು ಪಿನ್ ಬಗ್ಗುತ್ತವೆ. ಹಳೆಯ ಪೇಸ್ಟನ್ನು 90 ಶೇಕಡಾಕ್ಕಿಂತ ಗಟ್ಟಿಯಾದ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೂಲು ಬಿಡದ ಬಟ್ಟೆಯಿಂದ ಎರಡೂ ಕಡೆ ಒರೆಸಿ. ಪೂರ್ತಿ ಒಣಗಲಿ. ನಡುವೆ ಬಟಾಣಿ ಕಾಳಿನಷ್ಟು ಪೇಸ್ಟ್ ಇಡಿ. ದೊಡ್ಡ ಚಿಪ್ ಆದರೆ ಗುಣಾಕಾರ ಚಿಹ್ನೆಯಂತೆ ಎರಡು ಗೆರೆ ಎಳೆಯಿರಿ. ಸ್ವಲ್ಪ ಜಾಸ್ತಿಯಾದರೆ ಬದಿಗೆ ಹೊರಬರುತ್ತದೆ ಅಷ್ಟೇ, ಕಡಿಮೆಯಾದರೆ ಮೂಲೆಗಳು ಒಣಗಿಯೇ ಉಳಿಯುತ್ತವೆ. ಕೂಲರನ್ನು ನೇರವಾಗಿ ಇಳಿಸಿ, ಸ್ಕ್ರೂಗಳನ್ನು ಮತ್ತೆ ಎದುರುಬದುರಾಗಿ ಬಿಗಿ ಮಾಡಿ. ಫ್ಯಾನ್ ವೈರನ್ನು ಸಿಪಿಯು ಫ್ಯಾನ್ ಅಂತ ಬರೆದಿರುವ ಜಾಗಕ್ಕೇ ಚುಚ್ಚಿ. ಹೊಸ ಕೂಲರ್ ಆದರೆ ತಳದ ಹಾಳೆ ಕಿತ್ತಿದ್ದೀರಾ ಅಂತ ಎರಡು ಸಲ ನೋಡಿ.

ಫ್ಯಾನ್ ಎಷ್ಟು ಓಡಬೇಕು

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ, ಹೋಗಿ. ಫ್ಯಾನ್ ಸೆಟ್ಟಿಂಗ್ ಅಲ್ಲೇ ಇರುತ್ತದೆ, ಕ್ಯೂ-ಫ್ಯಾನ್, ಸ್ಮಾರ್ಟ್ ಫ್ಯಾನ್ ಅಂತ ಬೋರ್ಡಿಗೊಂದು ಹೆಸರು. ನಾಲ್ಕು ಪಿನ್ ಫ್ಯಾನಿಗೆ ಪಿಡಬ್ಲ್ಯೂಎಂ, ಮೂರು ಪಿನ್ ಫ್ಯಾನಿಗೆ ಡಿಸಿ ಅಂತ ಆರಿಸಿ. ಮೂರು ಪಿನ್ ಫ್ಯಾನನ್ನು ಪಿಡಬ್ಲ್ಯೂಎಂಗೆ ಹಾಕಿದರೆ ಅದು ಯಾವಾಗಲೂ ಪೂರ್ತಿ ವೇಗದಲ್ಲೇ ಓಡುತ್ತದೆ, ಫ್ಯಾನ್ ಸದ್ದಿನ ಎಷ್ಟೋ ದೂರುಗಳ ಮೂಲ ಇದೇ.

ನಾನು ಇಡುವ ರೇಖೆ ಹೀಗೆ: 50 ಡಿಗ್ರಿವರೆಗೆ 30 ಶೇಕಡಾ, 65ಕ್ಕೆ 50 ಶೇಕಡಾ, 75ಕ್ಕೆ 70 ಶೇಕಡಾ, 85ಕ್ಕೆ ಪೂರ್ತಿ. ಬ್ರೌಸರ್ ತೆರೆದರೂ ಫ್ಯಾನ್ ಏರಿ ಇಳಿದು ಕಾಡುತ್ತಿದ್ದರೆ ರೇಖೆ ಬದಲಿಸುವ ಮೊದಲು ಸ್ಟೆಪ್ ಅಪ್ ಟೈಮ್ ಹುಡುಕಿ ಮೂರು ನಾಲ್ಕು ಸೆಕೆಂಡಿಗೆ ಏರಿಸಿ. ಕ್ಷಣಿಕ ಜಿಗಿತಕ್ಕೆ ಫ್ಯಾನ್ ಓಗೊಡುವುದು ನಿಲ್ಲುತ್ತದೆ. ಬಯೋಸ್ ಇಷ್ಟವಿಲ್ಲದಿದ್ದರೆ ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಅನ್ನುವ ಉಚಿತ ಪ್ರೋಗ್ರಾಂ ಇದೆ. ಅದರಲ್ಲಿ ಕ್ಯಾಬಿನೆಟ್ ಫ್ಯಾನುಗಳನ್ನು ಗ್ರಾಫಿಕ್ಸ್ ಕಾರ್ಡಿನ ಬಿಸಿಗೆ ಕಟ್ಟಬಹುದು, ಗೇಮ್ ಆಡುವವರಿಗೆ ಇದು ತುಂಬಾ ಉಪಯೋಗ. ನೀರಿನ ಕೂಲರ್ ಇದ್ದರೆ ಪಂಪನ್ನು ಒಂದೇ ವೇಗದಲ್ಲಿ ಓಡಲು ಬಿಡಿ.

ಬಿಸಿ ಹುಟ್ಟುವುದನ್ನೇ ಕಡಿಮೆ ಮಾಡುವುದು

ಎಷ್ಟೋ ಜನ ಇಲ್ಲಿಗೆ ಬರುವುದೇ ಇಲ್ಲ, ಆದರೆ ನನಗೆ ಅತಿ ಹೆಚ್ಚು ಫಲ ಕೊಟ್ಟಿದ್ದು ಇದೇ. ಚಿಪ್ ತಿನ್ನುವ ಶಕ್ತಿ ವೇಗದ ಜೊತೆ ಏರುತ್ತದೆ, ವೋಲ್ಟೇಜಿನ ಜೊತೆಯಂತೂ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕೊನೆಯ ಸ್ವಲ್ಪ ವೇಗಕ್ಕಾಗಿ ವೋಲ್ಟೇಜ್ ತುಂಬಾ ಏರಿಸಬೇಕಾಗುತ್ತದೆ. ಆ ಕೊನೆಯ ಸ್ವಲ್ಪವನ್ನು ಬಿಟ್ಟುಕೊಟ್ಟರೆ ಬಿಸಿ ಗಣನೀಯವಾಗಿ ಇಳಿಯುತ್ತದೆ.

ಉದಾಹರಣೆಗೆ ಇಂಟೆಲ್‌ನ ಕೋರ್ ಐ9-12900ಕೆ ಮೂಲ ಶಕ್ತಿ 125 ವ್ಯಾಟ್, ಆದರೆ ಟರ್ಬೊದಲ್ಲಿ (ತಾನಾಗಿ ವೇಗ ಏರಿಸಿಕೊಂಡಾಗ) 241 ವ್ಯಾಟ್‌ವರೆಗೆ ಹೋಗುತ್ತದೆ. ಬಹಳಷ್ಟು ಬೋರ್ಡುಗಳು ಅದನ್ನು ಎಷ್ಟು ಹೊತ್ತು ಬೇಕಾದರೂ ಓಡಲು ಬಿಡುತ್ತವೆ. ಬಯೋಸ್‌ನಲ್ಲಿ ಪಿಎಲ್1, ಪಿಎಲ್2 ಅನ್ನುವ ಪವರ್ ಮಿತಿಗಳನ್ನು ನಿಮ್ಮ ಕೂಲರ್ ತಡೆಯುವಷ್ಟಕ್ಕೆ ಇಳಿಸಿ. ರೈಜನ್‌ನಲ್ಲಿ ಇದಕ್ಕೆ ಇಕೊ ಮೋಡ್ ಅಂತಲೇ ಇದೆ. 170 ವ್ಯಾಟ್ ದರ್ಜೆಯ ಚಿಪ್ಪನ್ನು 105 ಅಥವಾ 65 ವ್ಯಾಟ್ ದರ್ಜೆಗೆ ಇಳಿಸಬಹುದು.

ಗ್ರಾಫಿಕ್ಸ್ ಕಾರ್ಡಿಗೆ ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿ ಪವರ್ ಲಿಮಿಟ್ ಅನ್ನು 80-85 ಶೇಕಡಾಕ್ಕೆ ಎಳೆಯಿರಿ, ಆಟ ಆಡಿ ನೋಡಿ, ವ್ಯತ್ಯಾಸ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಇನ್ನೂ ಸುಲಭದ ದಾರಿ ಫ್ರೇಮ್ ಮಿತಿ. ಮಾನಿಟರ್ 60 ಹರ್ಟ್ಸ್ ಇರುವಾಗ ಕಾರ್ಡ್ 180 ಫ್ರೇಮ್ ಬಿಡಿಸುತ್ತಾ ಕೂತಿದ್ದರೆ ಅದರ ಬಹುಪಾಲು ಬಿಸಿ ಸುಮ್ನೆ ವ್ಯರ್ಥ ಅಲ್ವಾ? ಕಾರ್ಡಿನ ಸಾಮಾನ್ಯ ಬಿಸಿ 80ರ ಆಸುಪಾಸು ಇದ್ದರೆ ಸರಿ. ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗದ) ಅಂಕಿ ಅದಕ್ಕಿಂತ 10-15 ಮೇಲಿರುತ್ತದೆ. ಆ ಅಂತರ 30ರ ಹತ್ತಿರ ಹೋದರೆ ಕಾರ್ಡಿನ ಪೇಸ್ಟ್ ಬಗ್ಗೆ ಯೋಚಿಸಿ, ವಾರಂಟಿ ಇದ್ದರೆ ನೀವೇ ಬಿಚ್ಚಬೇಡಿ.

ಎನ್‌ವಿಎಂಇ ಅನ್ನುವ ವೇಗದ ಬಗೆಯ ಎಸ್‌ಎಸ್‌ಡಿ 70 ಡಿಗ್ರಿ ದಾಟುತ್ತಿದ್ದರೆ ಅದಕ್ಕೊಂದು ಚಿಕ್ಕ ಹೀಟ್‌ಸಿಂಕ್ ಹಾಕಿ. ದೊಡ್ಡ ಫೈಲ್ ಕಾಪಿ ಮಾಡುವಾಗ ವೇಗ ಅರ್ಧದಲ್ಲೇ ಬೀಳುವುದಕ್ಕೆ ಬಿಸಿಯೂ ಒಂದು ಕಾರಣ.

ಲ್ಯಾಪ್‌ಟಾಪ್ ಇದ್ದವರಿಗೆ

ಹಾಸಿಗೆ ಮೇಲೆ, ದಿಂಬಿನ ಮೇಲೆ ಇಟ್ಟರೆ ಕೆಳಗಿನ ಗಾಳಿ ಕಿಂಡಿ ಮುಚ್ಚಿಹೋಗುತ್ತದೆ. ಗಟ್ಟಿ ಮೇಜಿನ ಮೇಲಿಟ್ಟು ಹಿಂಭಾಗವನ್ನು ಎರಡು ಬೆರಳಿನಷ್ಟು ಎತ್ತರಿಸಿ, ಕೆಲವು ಡಿಗ್ರಿ ಇದರಲ್ಲೇ ಇಳಿಯುತ್ತದೆ. ವಿಂಡೋಸ್ ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೊ ನಿಲ್ಲುತ್ತದೆ. ಒಂದೇ ಅಂಕಿ ಇಳಿಸಿದರೂ 15-20 ಡಿಗ್ರಿ ಕಡಿಮೆಯಾದದ್ದು ನಾನೇ ನೋಡಿದ್ದೇನೆ. ಬರೆಯುವುದು, ಓದುವುದು, ವಿಡಿಯೊ ನೋಡುವುದಕ್ಕೆ ಆ ವೇಗ ಸಾಕು. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣುವುದಿಲ್ಲ, ಅಲ್ಲಿ ತಯಾರಕರ ಪ್ರೋಗ್ರಾಂನಲ್ಲೇ ಕ್ವೈಟ್ ಮೋಡ್ ಹುಡುಕಿ. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವೋಲ್ಟೇಜ್ ಇಳಿಸುವುದು ಮೊದಲು ಸುಲಭವಿತ್ತು, 2019ರಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಹಲವು ತಯಾರಕರು ಅದಕ್ಕೆ ಬೀಗ ಹಾಕಿದ್ದಾರೆ.

ಆಮೇಲೆ ಗಮನ ಇಡುವುದು

ದಿನಾ ಅಂಕಿ ನೋಡುತ್ತಾ ಕೂರಬೇಕಾಗಿಲ್ಲ. ಎಚ್‌ಡಬ್ಲ್ಯೂಇನ್ಫೋದಲ್ಲಿ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ಅಲರ್ಟ್ ಇಡಬಹುದು. ನಿಮ್ಮ ಚಿಪ್‌ನ ಮಿತಿಗಿಂತ 5 ಡಿಗ್ರಿ ಕೆಳಗೆ ಇಟ್ಟುಬಿಡಿ. ಎಲ್ಲಾ ಸರಿಹೋದ ದಿನ ಅದೇ ಹತ್ತು ನಿಮಿಷದ ಪರೀಕ್ಷೆಯ ಗ್ರಾಫನ್ನು ಚಿತ್ರವಾಗಿ ಉಳಿಸಿ, ಕೋಣೆಯ ಬಿಸಿ ಮತ್ತು ತಾರೀಖನ್ನು ಫೈಲಿನ ಹೆಸರಿನಲ್ಲೇ ಬರೆಯಿರಿ. ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಓಡಿಸಿ ಪಕ್ಕಪಕ್ಕ ಇಟ್ಟು ನೋಡಿ. ನಿಧಾನದ ಏರಿಕೆ ದೊಡ್ಡದಾಗಿದ್ದರೆ ಬ್ಲೋವರ್ ತೆಗೆಯಿರಿ. ಮೊದಲ ಜಿಗಿತವೇ ದೊಡ್ಡದಾಗಿದ್ದರೆ ಪೇಸ್ಟ್ ತರಿಸಿ.